ವಿಷಮ ದಂಡಗಳ ಚರಿತ್ರೆ

ಅಂಗಸಾಧನೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಜೇತರ ಹೆಸರುಗಳನ್ನು ಎಣಿಸುವರು. ಉಪಕರಣದತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಸ್ತ್ರೀಯರ ವಿಷಮ ದಂಡಗಳ ವಿಷಯದಲ್ಲಿ ಮೈಯ ಚಲನೆಯನ್ನು ತಿದ್ದಿದುದು ಬಹುಮಟ್ಟಿಗೆ ಎರಡು ದಂಡಗಳ ನಡುವಣ ಅಂತರವೇ.

ಪುರುಷರ ಸಮಾಂತರ ದಂಡಗಳಲ್ಲಿ ಒಂದನ್ನು ಎತ್ತರಿಸಿ, ಇನ್ನೊಂದನ್ನು ತಗ್ಗಿಸಿದುದರಿಂದ ಈ ಸಾಧನವು ಹುಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಬದಲಾಗಿ ಸ್ತ್ರೀಯರಿಗೆ ತೂಗುಬಳೆಗಳಿದ್ದವು. 1952ರಲ್ಲಿ ಹೆಲ್ಸಿಂಕಿಯಲ್ಲಿ ಇದು ಪ್ರತ್ಯೇಕ ಸ್ಪರ್ಧೆಯಾಗಲು, ಹಂಗೆರಿಯ ಮಾರ್ಗಿಟ್ ಕೊರೊಂಡಿ ಸುವರ್ಣಪದಕವನ್ನು ಪಡೆದಳು. ಅಂದು ನಿಲುವು, ಸಮತೋಲನ, ಕ್ಷಣಕಾಲದ ವಿರಾಮ ಇವುಗಳಿಗೇ ಪ್ರಾಧಾನ್ಯ.

ಮರದ ದಂಡಗಳು ಒಂದಕ್ಕೊಂದು ಸಮೀಪದಲ್ಲಿದ್ದುದರಿಂದ ಮುಂದೆ ಬೇರೊಂದು ಕ್ರಮ ಬೆಳೆಯಿತು. ಮೇಲುದಂಡದಿಂದ ತೂಗಿಬಂದ ಬಾಲೆಯು ಕೆಳದಂಡಕ್ಕೆ ಸೊಂಟವನ್ನು ತಾಕಿಸಿ, ಅದನ್ನು ಬಳಸಿ, ಆ ಮರುಪುಟದಿಂದಲೇ ಹಾರುತ್ತಿದ್ದಳು. 1972ರಲ್ಲಿ ಮ್ಯೂನಿಕ್ ನಗರದಲ್ಲಿ ಸೋವಿಯತ್ ಒಕ್ಕೂಟದ ಓಲ್ಗಾ ಕೊರ್ಬುಟ್ ಮೇಲುದಂಡದ ಮೇಲೆ ನಿಂತು, ಹಿಂದಕ್ಕೆ ಲಾಗ ಹಾಕಿ, ಮತ್ತೆ ಅದೇ ದಂಡವನ್ನು ಹಿಡಿದುದನ್ನು ಕಂಡು ಜಗತ್ತು ಬೆರಗಾಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹದಿನಾಲ್ಕರ ಹರೆಯದ ರುಮೇನಿಯಾದ ನಾದಿಯಾ ಕೊಮನೆಚಿಗೆ ಈ ದಂಡಗಳ ಮೇಲೆಯೇ ಪೂರ್ಣ 10 ಅಂಕ ದೊರೆಯಿತು. ಹತ್ತನ್ನು ತೋರಿಸಲಾರದ ಅಂಕಫಲಕವು 1.00 ಎಂದಷ್ಟೇ ತೋರಿತು!

ಬಳಿಕ ದಂಡಗಳು ಕ್ರಮೇಣ ದೂರ ಸರಿದವು. ಮರದ ಒಳಗೆ ಗಾಜಿನ ನಾರಿನ ತಿರುಳು ಬಂದಿತು. ಅಂಗೈಗೆ ಚರ್ಮದ ಪಟ್ಟಿ ಬಂದಿತು. ಅಡ್ಡಿಯಿಲ್ಲದ ಪೂರ್ಣ ಸುತ್ತು ಸಾಧ್ಯವಾದೊಡನೆ ಪುರುಷರ ಎತ್ತರದಂಡದ ವಿದ್ಯೆಗಳು, ಮುಖ್ಯವಾಗಿ ತ್ಕಾಚೆವ್‌ನ ಹೆಸರಿನ ಹಾರಿಕೆ, ಸ್ತ್ರೀಯರ ಸಾಧನೆಯೊಳಗೆ ಸೇರಿದವು. ಇಂದು ಮೇಲುದಂಡವು ನೆಲದಿಂದ 250 ಸೆಂಟಿಮೀಟರ್, ಕೆಳದಂಡವು 170 ಸೆಂಟಿಮೀಟರ್ ಎತ್ತರದಲ್ಲಿವೆ. ಸೊಂಟದ ತಾಕು ಅಳಿಯಿತು. ಕೊರ್ಬುಟ್‌ಳ ಲಾಗಕ್ಕೆ ನಿಯಮಗಳೇ ಅಡ್ಡಬಂದವು. 2006ರಲ್ಲಿ ಹತ್ತು ಅಂಕಗಳ ಮಿತಿಯೂ ಹೋಗಿ, ಕಠಿನತೆಗೆ ಬೇರೆ ಅಂಕ ಕೊಡುವ ಪದ್ಧತಿ ಬಂದಿತು.

ಇದು ಲಾಭವೋ ನಷ್ಟವೋ? ಹೊಟ್ಟೆ ಸೊಂಟಗಳಿಗೆ ಬೀಳುತ್ತಿದ್ದ ಪೆಟ್ಟು ತಪ್ಪಿತು, ಹಾರಾಟ ಎತ್ತರವಾಯಿತು. ಆದರೆ ಭಾರವೆಲ್ಲ ಭುಜಗಳ ಮೇಲೆ ಬಿದ್ದಿತು, ಎರಡು ದಂಡಗಳ ನಡುವಣ ಆ ನಿಕಟ ಸಂವಾದವೂ ನಿಂತಿತು. ಹಳೆಯ ಚಿತ್ರಗಳನ್ನು ಕಂಡು “ಇಷ್ಟು ಸುಲಭವೇ?” ಎಂದು ನಗುವ ವಿದ್ಯಾರ್ಥಿಗೆ ಉಪಾಧ್ಯಾಯರು ಹೇಳಬೇಕಾದುದು ಇಷ್ಟೇ: ಅಂದಿನವರನ್ನು ಅಂದಿನ ದಂಡಗಳಿಂದಲೇ ಅಳೆಯಬೇಕು. ಚರಿತ್ರೆಯ ಮೊದಲ ಪಾಠವೂ ಇದೇ ಅಲ್ಲವೆ?