ಪರಿಶುದ್ಧತೆ, ಹಕ್ಕಲು, ಕೂಲಿ: ಯಾಜಕಕಾಂಡ 19ರ ಬಗ್ಗೆ ಒಂದು ಟಿಪ್ಪಣಿ

ದೇವರ ಪರಿಶುದ್ಧತೆಯ ಮಾತು ಬಂದಾಗ ಕ್ರೈಸ್ತ ಓದುಗರು ಸಾಮಾನ್ಯವಾಗಿ ಯೆಶಾಯನ 6ನೇ ಅಧ್ಯಾಯವನ್ನು ತೆರೆಯುತ್ತಾರೆ. ಉಜ್ಜೀಯ ಅರಸ ತೀರಿಕೊಂಡ ವರ್ಷ, ಕ್ರಿ.ಪೂ. 740ರ ಆಸುಪಾಸು. ದೇವಾಲಯ ಹೊಗೆಯಿಂದ ತುಂಬುತ್ತದೆ. ಸೇನಾಧೀಶ್ವರನು ಪರಿಶುದ್ಧನೆಂದು ಸೆರಾಫಿಯರು ಮೂರು ಸಲ ಸಾರುತ್ತಾರೆ. ಹಿಂದಿನ ಅಧ್ಯಾಯದತ್ತ ಕಣ್ಣು ಹಾಯಿಸುವವರು ಕಡಿಮೆ. ಅಲ್ಲಿ ಪ್ರವಾದಿಯ ಸಿಟ್ಟು ಮೊದಲು ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತ ಹೋಗುವವರ ಮೇಲೆ. ನ್ಯಾಯನೀತಿಯಿಂದಲೇ ದೇವರು ತನ್ನ ಪರಿಶುದ್ಧತೆಯನ್ನು ತೋರಿಸಿಕೊಳ್ಳುತ್ತಾನೆ ಎಂಬ ಮಾತೂ (5:16) ಅಲ್ಲೇ ಇದೆ. ಭೂದಾಹದ ಖಂಡನೆಯ ಬೆನ್ನಿಗೇ ಸಿಂಹಾಸನದ ದರ್ಶನ ಬಂದಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಯಾಜಕಕಾಂಡದ ಜೋಡಣೆಯೂ ಹೀಗೆಯೇ. ಅದರ 17ರಿಂದ 26ರವರೆಗಿನ ಅಧ್ಯಾಯಗಳನ್ನು 'ಪರಿಶುದ್ಧತೆಯ ಸಂಹಿತೆ' ಎಂದು 1877ರಲ್ಲಿ ಕರೆದವರು ಜರ್ಮನ್ ವಿದ್ವಾಂಸ ಆಗಸ್ಟ್ ಕ್ಲೋಸ್ಟರ್‌ಮನ್. 19ನೇ ಅಧ್ಯಾಯ ದೇವರಂತೆ ಪರಿಶುದ್ಧರಾಗಿರಬೇಕೆಂಬ ಕರೆಯಿಂದ ಶುರುವಾಗುತ್ತದೆ. ಸಮಾಧಾನಯಜ್ಞದ ಮಾಂಸ ಮೂರನೆಯ ದಿನಕ್ಕೆ ಉಳಿದರೆ ಸುಟ್ಟುಬಿಡಬೇಕೆಂಬ ವಿಧಿ ಮುಗಿಯುತ್ತಿದ್ದಂತೆ, ನಡುವೆ ಒಂದು ಮಾತೂ ಇಲ್ಲದೆ, ಕೊಯ್ಲಿನ ಹೊಲ ಬರುತ್ತದೆ. ಅಂಚಿನ ಪೈರನ್ನು ಪೂರ್ತಿ ಕೊಯ್ಯಬಾರದು, ಹಕ್ಕಲಾಯಬಾರದು, ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣನ್ನು ಹೆಕ್ಕಬಾರದು. ಅವು ಬಡವರಿಗೂ ಪರದೇಶಿಗೂ ಸೇರಿದವು. ಮುಂದೆ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆಂಬ ಆಜ್ಞೆ (19:13), ಕೊನೆಗೆ ತಕ್ಕಡಿ, ತೂಕದ ಕಲ್ಲು, ಅಳತೆ. ಎರಡು ಬಗೆಯ ಬೀಜ ಬೆರೆಸಿ ಬಿತ್ತಬಾರದೆಂಬ ವಿಧಿಯೂ ಇದೇ ಅಧ್ಯಾಯದಲ್ಲಿದೆ. ಹಾಗಾಗಿ ಇದನ್ನು ಬರೀ ಸಾಮಾಜಿಕ ನ್ಯಾಯದ ಪಾಠವಾಗಿ ಓದಿದರೆ ಅರ್ಧ ಓದಿದಂತೆ. ಯಜ್ಞವೇದಿಯನ್ನೂ ಹೊಲದ ಬದುವನ್ನೂ ಬೇರೆ ಬೇರೆ ಲೋಕಗಳಾಗಿ ಈ ಪಠ್ಯ ಕಾಣುವುದೇ ಇಲ್ಲ.

ಯಾಕೋಬನ ಪತ್ರಿಕೆ ಈ ಅಧ್ಯಾಯಕ್ಕೆ ಉದ್ದಕ್ಕೂ ಕಿವಿಗೊಟ್ಟಿದೆ ಎಂದು ಲ್ಯೂಕ್ ತಿಮೋತಿ ಜಾನ್ಸನ್ 1982ರಲ್ಲಿ ವಾದಿಸಿದರು. ನೆರೆಯವನನ್ನು ಪ್ರೀತಿಸುವ ಆಜ್ಞೆ, ಪಕ್ಷಪಾತದ ನಿಷೇಧ, ತಡೆಹಿಡಿದ ಕೂಲಿ ಎಲ್ಲವೂ ಅಲ್ಲಿವೆ. ಆದರೆ ಕೂಲಿಯ ಪ್ರಸ್ತಾಪಕ್ಕೆ (5:4) ಯಾಜಕಕಾಂಡವೊಂದೇ ಆಧಾರವಲ್ಲ. ಕೂಲಿಯವನು ದೇವರಿಗೆ ಮೊರೆಯಿಡುವುದು ಧರ್ಮೋಪದೇಶಕಾಂಡ 24:15ರಲ್ಲಿ ಬರುತ್ತದೆ. ಆ ಕೂಗು ಸೇನಾಧೀಶ್ವರನ ಕಿವಿಗೆ ಬೀಳುವುದು ಯೆಶಾಯ 5:9ರ ಗ್ರೀಕ್ ಪಠ್ಯವನ್ನು ಹೋಲುತ್ತದೆ. ದೇವರಿಗೆ ಈ ಬಿರುದು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಕಾಣುತ್ತದೆ: ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಯೆಶಾಯನ ಉದ್ಧರಣೆಯಾಗಿ (9:29), ಮತ್ತು ಇಲ್ಲಿ, ಕೊಯ್ಲಿನ ಆಳುಗಳ ಬಾಕಿ ಕೂಲಿಯ ವಿಷಯದಲ್ಲಿ. ಸೆರಾಫಿಯರ ಘೋಷ ಏರುವುದೂ ಆಳುಗಳ ಕೂಗು ತಲುಪುವುದೂ ಒಬ್ಬನೇ ಸೇನಾಧೀಶ್ವರನಿಗೆ.

ಪೇತ್ರನ ಮೊದಲನೆಯ ಪತ್ರಿಕೆ ಪರಿಶುದ್ಧತೆಯ ಆಜ್ಞೆಯನ್ನು ನೇರವಾಗಿ ಉದ್ಧರಿಸುತ್ತದೆ (1:16). ಯಾಜಕಕಾಂಡ 11ರ ಆಹಾರ ನಿಯಮಗಳ ನಡುವೆಯೂ ಇದೇ ಆಜ್ಞೆ ಇದೆ. ಆದರೆ ಗ್ರೀಕ್ ಪದಗಳ ಕ್ರಮ 19:2ಕ್ಕೇ ಹತ್ತಿರ. ಮರುವಚನದಲ್ಲೇ ಪಕ್ಷಪಾತವಿಲ್ಲದೆ ತೀರ್ಪು ಕೊಡುವ ತಂದೆಯ ಮಾತು ಬರುವುದರಿಂದ, ಬರೆದವನ ಮನಸ್ಸಿನಲ್ಲಿದ್ದದ್ದು 19ನೇ ಅಧ್ಯಾಯವೇ ಎಂದು ನಾನು ಊಹಿಸುತ್ತೇನೆ. ಈ ಪತ್ರಿಕೆ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿಹೋದವರಿಗೆ ಬರೆದದ್ದು. ಇದರಲ್ಲಿ ಮನೆಯಾಳುಗಳಿಗೆ ಬುದ್ಧಿಮಾತಿದೆ, ಅವರ ಧಣಿಗಳಿಗೆಂದೇ ಹೇಳಿದ ಮಾತಿಲ್ಲ. ಆ ಮಾತಿಗೆ ಯಾಕೋಬನ 5ನೇ ಅಧ್ಯಾಯವನ್ನೇ ತೆರೆಯಬೇಕು.