ದಂಡನಾಯಕರ ಗುಡಿ

ಹರಿಹರೇಶ್ವರನ ಗುಡಿಗೆ ಬಂದವರು ನೇರ ಗರ್ಭಗುಡಿಯ ಮುಂದೆ ಹೋಗಿ ನಿಲ್ಲುತ್ತಾರೆ. ಬಲ ಅರ್ಧ ಹರ, ಎಡ ಅರ್ಧ ಹರಿ. ಕೈಮುಗಿದು, ತೀರ್ಥ ತಗೊಂಡು, ಹೊಳೆ ಕಡೆ ನಡೆದುಬಿಡುತ್ತಾರೆ. ನಾನು ಆನಗೋಡಿನಿಂದ ದಾವಣಗೆರೆಗೆ ಬಂದು, ಬಸ್ಸು ಬದಲಿಸಿ ಹರಿಹರ ಮುಟ್ಟಿದಾಗಲೆಲ್ಲ ಹೆಚ್ಚು ಹೊತ್ತು ಕಳೆಯುವುದು ಶಾಸನದ ಕಲ್ಲುಗಳ ಹತ್ತಿರ. ಈ ಗುಡಿಯ ಹಿಂದೆ ಯಾರ್‍ಯಾರ ಕೈ ಇದೆ ಎಂದು ಹೇಳುವುದು ಅವೇ.

ಕಟ್ಟಿಸಿದವನು ಅರಸನಲ್ಲ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ವರ್ಷ 1224. ಅದೇ ಕಾಲಕ್ಕೆ ದೂರದ ಇಟಲಿಯ ಅಸ್ಸಿಸಿಯಲ್ಲಿ, 1226ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸನ ಹೆಸರಿನಲ್ಲಿ, 1228ರಲ್ಲಿ ಇಗರ್ಜಿಗೆ ಅಡಿಗಲ್ಲು ಬಿತ್ತು. ಅಲ್ಲಿ ಎಲ್ಲವನ್ನೂ ಬಿಟ್ಟ ಸನ್ಯಾಸಿಯ ನೆನಪು. ಇಲ್ಲಿ ಕತ್ತಿ ಹಿಡಿದವನ ಭಕ್ತಿ. ತುಂಗಭದ್ರೆಗೆ ಹರಿದ್ರಾ ಬಂದು ಕೂಡುವ ಈ ಊರು, ಹಿಂದಿನ ಕೂಡಲೂರು, ಹೊಯ್ಸಳರಿಗೂ ದೇವಗಿರಿಯ ಸೇವುಣರಿಗೂ ನಡುವಿನ ಗಡಿಸೀಮೆ. ಇಂದು ಇವರದು, ನಾಳೆ ಅವರದು.

ಮಂಟಪದೊಳಗೆ ಕಾಲಿಟ್ಟರೆ ತಿರುಗಣಿಯಲ್ಲಿ ಕಡೆದ ಕಂಬಗಳು. ಬೇಲೂರಿನ ಹಾಗೆ ಹೊರಗೋಡೆಯ ತುಂಬ ಶಿಲ್ಪ ಹುಡುಕಿದರೆ ಇಲ್ಲಿ ಸಿಗದು. ಸುತ್ತ ಎದೆಮಟ್ಟವೂ ಬಾರದ ಗೋಡೆ, ಅದರ ಮೇಲೆ ನಿಂತ ಗಿಡ್ಡ ಕಂಬ, ಒಳಗೆ ಧಾರಾಳ ಬೆಳಕು. ಜನ ಕೂತು ಮಾತಾಡಲೆಂದೇ ಮಾಡಿದ ಜಾಗ ಅನ್ನಿಸುತ್ತದೆ. ನನಗೆ ಬೇಲೂರಿಗಿಂತ ಇದೇ ಹತ್ತಿರ.

1268ರಲ್ಲಿ ಇನ್ನೊಬ್ಬ ದಂಡನಾಯಕ ಈ ಗುಡಿಯನ್ನು ಬೆಳೆಸಿದ: ಮುಮ್ಮಡಿ ನರಸಿಂಹನ ಕಡೆಯ ಸೋಮ. ಹತ್ತು ವರ್ಷ ಮೊದಲು ಕಾವೇರಿ ಸೀಮೆಯಲ್ಲಿ ಸೋಮನಾಥಪುರದ ಕೇಶವಾಲಯ ಕಟ್ಟಿಸಿದ್ದವನೂ ಇವನೇ. ಆಮೇಲೆ ಬಂದವನು ಶತ್ರು. ಸೇವುಣ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ 1276ರಲ್ಲಿ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ದಂಡೆತ್ತಿ ಹೋದ. ಮರುವರ್ಷ ಅವನ ಶಾಸನ ಇದೇ ಹರಿಹರದಲ್ಲಿ ನಿಂತಿತು. ಹೊಯ್ಸಳರು ಕಟ್ಟಿಸಿದ ದೇವರೆಂದು ಅವನು ದೂರ ಸರಿಯಲಿಲ್ಲ. ಇಲ್ಲಿಯೇ ಧರ್ಮಕಾರ್ಯ ಮಾಡಿದ. ಶೈವನೋ ವೈಷ್ಣವನೋ, ಹೊಯ್ಸಳನೋ ಸೇವುಣನೋ, ಯಾರು ಬಂದರೂ ಕೈಮುಗಿಯಬಹುದಾದ ದೇವರನ್ನು ಗಡಿಯಲ್ಲೇ ಇಟ್ಟದ್ದು ಎಂಥ ತಿಳಿವಳಿಕೆ!

ಹಾದಿಯಲ್ಲಿ ದಾವಣಗೆರೆಯ ಆನೆಕೊಂಡದ ಈಶ್ವರನ ಗುಡಿಯನ್ನೂ ನೋಡಬಹುದು. ಉಚ್ಚಂಗಿಯ ಪಾಂಡ್ಯರ ಕಾಲದ ಊರು ಅದು. ಈಗ ಶ್ರಾವಣದ ಕಾರ್ಣಿಕಕ್ಕೆ ಅಲ್ಲಿ ಜನ ಸೇರುತ್ತಾರೆ. ಹಳೆಯ ಕಲ್ಲುಗುಡಿಯ ಕಡೆ ಬರುವವರು ಕಡಿಮೆ.

ಆದರೆ ಮಳೆ ನಂಬಿ ಬಿತ್ತುವ ಮನೆಯಲ್ಲಿ ಬೆಳೆದ ನನಗೆ ಹರಿಹರದ ಶಾಸನಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 1410ರದು. ವಿಜಯನಗರದ ಕಾಲ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆಗೆ ಅಡ್ಡಲಾಗಿ ಊರ ಬ್ರಾಹ್ಮಣರು ತಮ್ಮ ಖರ್ಚಿನಲ್ಲಿ ಕಟ್ಟೆ ಹಾಕಿ, ದೇವರ ಹೊಲದೊಳಗಿಂದ ಹರಿಹರದ ತನಕ ಕಾಲುವೆ ತೆಗೆಯಬೇಕು. ನೀರುಂಡ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು ಹರಿಹರೇಶ್ವರನಿಗೆ, ಒಂದು ಪಾಲು ದುಡ್ಡು ಹಾಕಿದವರಿಗೆ. ಕರಾರು ಇಷ್ಟು ಸ್ಪಷ್ಟ. ಆ ಕಟ್ಟೆ ಒಡೆದುಹೋದದ್ದನ್ನೂ ಮತ್ತೆ ಕಟ್ಟಿಸಿದ್ದನ್ನೂ 1424ರ ಶಾಸನ ಹೇಳುತ್ತದೆ. ದೇವರ ಮಹಿಮೆ ಬರೆದ ಕಲ್ಲುಗಳ ಸಾಲಿನಲ್ಲೇ ನೀರಿನ ಲೆಕ್ಕವೂ ನಿಂತಿದೆ.

ಶಾಸನತಜ್ಞ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಈ ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ. ದಾವಣಗೆರೆ ಜಿಲ್ಲೆಯ ಶಾಲೆಗಳ ಮಕ್ಕಳನ್ನು ಪ್ರವಾಸವೆಂದು ಹಳೇಬೀಡಿಗೆ ಕರೆದೊಯ್ಯುವ ಮೇಷ್ಟ್ರುಗಳು, ಮೊದಲು ಆ ಪುಸ್ತಕ ಹಿಡಿದು ಒಂದು ಮಧ್ಯಾಹ್ನ ಹರಿಹರಕ್ಕೆ ಬರಲಿ. 1410ರ ಕರಾರನ್ನು ಆ ಕಲ್ಲಿನ ಮುಂದೆಯೇ ಮಕ್ಕಳಿಗೆ ಓದಿ ಹೇಳಲಿ.