ಎರಡನೆಯ ಚೀಲದ ಮೋಹ

ಸಮುದ್ರದಿಂದ ಇಷ್ಟು ದೂರ, ಉದಕಮಂಡಲದಲ್ಲಿ ಕುಳಿತು ಮುಳುಗುವಿದ್ಯೆಯನ್ನು ಕುರಿತು ಬರೆಯುವವನನ್ನು ಕಂಡು ನಗುವವರು ಇಲ್ಲದಿಲ್ಲ. ಆದರೆ ಮುರ್ಡೇಶ್ವರದಿಂದ ದೋಣಿಯೇರಿ ನೇತ್ರಾಣಿಯಲ್ಲಿ ಮುಳುಗಿಬಂದ ತರುಣರು, ಬೆನ್ನಿಗೆ ಎರಡು ಗಾಳಿಚೀಲ, ಎದೆಯ ಮೇಲೆ ಗೊಂಚಲು ಗೊಂಚಲಾದ ಕೊಂಡಿಗಳನ್ನು ಧರಿಸಿದ ಭಾವಚಿತ್ರಗಳನ್ನು ತೋರಿಸಿ, 'ಇದೇ ಸಾರ್, ಟೆಕ್ನಿಕಲ್ ಡೈವಿಂಗ್' ಎನ್ನುವಾಗ ಸುಮ್ಮನಿರುವುದು ಕಷ್ಟ.

1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ಉಸಿರಿನ ಯಂತ್ರವನ್ನು ರೂಪಿಸಿದಾಗ ಪ್ಲವನಕ್ಕೆ ಶ್ವಾಸಕೋಶವೂ ಸೀಸವೂ ಬಿಟ್ಟರೆ ಬೇರೆ ಸಾಧನವಿರಲಿಲ್ಲ. 1961ರಲ್ಲಿ ಫ್ರಾನ್ಸಿನ ಮೋರಿಸ್ ಫೆಂಜಿಯ ಕೊರಳುಚೀಲ ಬಂದಿತು, ಅನಂತರ ಜಾಕೆಟು. ಜಾಕೆಟು ತೊಟ್ಟವನಿಗೆ ಸುಖಕರ, ಅಷ್ಟೆ.

ನಿಜವಾದ ವಿಚಾರಮಂಥನ ನಡೆದದ್ದು ಫ್ಲಾರಿಡಾದ ಜಲಗುಹೆಗಳಲ್ಲಿ. ಅಲ್ಲಿ ತಲೆಯ ಮೇಲೆ ಆಕಾಶವಿಲ್ಲ, ಬಂಡೆಯಿದೆ. ತೂಗಾಡುವ ಪ್ರತಿಯೊಂದು ವಸ್ತುವೂ ಹಗ್ಗಕ್ಕೆ ಸಿಕ್ಕುತ್ತದೆ, ಕೆಸರನ್ನು ಕಲಕುತ್ತದೆ. 1979ರಲ್ಲಿ ಗ್ರೆಗ್ ಫ್ಲಾನಗನ್ ಲೋಹದ ಬೆನ್ನುಹಲಗೆಯನ್ನು ಮಾಡಿದ. ವಿಲಿಯಂ ಹೊಗಾರ್ತ್ ಮೇಯ್ನ್ ಅದಕ್ಕೆ ಒಂದೇ ಅಖಂಡ ಪಟ್ಟಿಯನ್ನು ಪೋಣಿಸಿ, ಬೇಕಿಲ್ಲದ್ದನ್ನೆಲ್ಲ ಕಿತ್ತೆಸೆದ. ಏಳು ಅಡಿಯ ಕೊಳವೆ ಎದೆಯನ್ನು ಬಳಸಿ ಕೊರಳ ಹಿಂದಿನಿಂದ ಬಾಯಿಗೆ ಬರುವುದು, ಎರಡನೆಯ ರೆಗ್ಯುಲೇಟರು ಗಲ್ಲದ ಕೆಳಗೆ ತಾಳಿಯಂತೆ ತೂಗುವುದು, ಕತ್ತಲಲ್ಲಿಯೂ ಕೈ ತಡವರಿಸದೆ ಅದನ್ನು ಮುಟ್ಟುವುದು: ಇವನ್ನು ಕಣ್ಣಾರೆ ಕಂಡವನು ಮಿತವ್ಯಯವನ್ನು ಬರಿಯ ಸೊಬಗೆಂದು ಕರೆಯಲಾರ. ಈ ಮಿತವ್ಯಯದ ಪಂಥಕ್ಕೆ ಮುಂದೆ ಗುಹಾಮುಳುಗುಗಾರ ಜಾರ್ಜ್ ಇರ್ವಿನ್ ನೀಡಿದ ಕರ್ಕಶ ಕಂಠ ನನಗೆ ಹಿಡಿಸದು. ಅವನ ವಾದ ಮಾತ್ರ ಹಿಡಿಸುತ್ತದೆ.

ಆ ವಾದವಿಷ್ಟೆ. ಹನ್ನೆರಡು ಲೀಟರಿನ ಜೋಡಿ ಸಿಲಿಂಡರುಗಳನ್ನು 200 ಬಾರ್ ತುಂಬಿದರೆ ಗಾಳಿಯ ತೂಕವೇ ಆರು ಕಿಲೋಗೆ ಸಮೀಪ. ಆಳದಲ್ಲಿ ವೆಟ್‌ಸೂಟು ಅಮುಕಿ ತನ್ನ ತೇಲುಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಚೀಲ ಹರಿದರೆ ಕಾಲುಬಲದಿಂದ ಮೇಲೇರಲು ಸಾಧ್ಯವಾಗುವಂತೆ ಭಾರವನ್ನು ಮೊದಲೇ ಹೊಂದಿಸಿರಬೇಕು, ಇಲ್ಲವೇ ಡ್ರೈಸೂಟು ಆಸರೆಯಾಗಬೇಕು. ಎರಡನೆಯ ಚೀಲ ಅದಕ್ಕೆ ಉತ್ತರವಲ್ಲ. ಜೋಡಿಚೀಲವನ್ನು ನಾನೂ ಕೆಲಕಾಲ ಕಟ್ಟಿದವನೇ. ಒಮ್ಮೆ ಹದಿನೆಂಟು ಮೀಟರಿನಲ್ಲಿ ಎರಡನೆಯ ಚೀಲದ ಗುಂಡಿ ಮರಳು ಕಚ್ಚಿ, ಕ್ಷೀಣವಾಗಿ ಚೀಲದೊಳಕ್ಕೆ ಗಾಳಿಯನ್ನು ಸುರಿಸತೊಡಗಿತು. ನಾನು ಮೊದಲನೆಯದನ್ನೇ ಬರಿದುಮಾಡುತ್ತ, ಏಕೆ ಏರುತ್ತಿರುವೆನೆಂದು ತಿಳಿಯದೆ ಏರುತ್ತಿದ್ದೆ. ಎರಡನೆಯ ಚೀಲಕ್ಕೆ ಗಾಳಿ ತುಂಬುವ ಕೊಳವೆಯನ್ನು ಬಿಚ್ಚಿಟ್ಟೇ ಮುಳುಗಬೇಕೆಂಬ ಪದ್ಧತಿ ಅನೇಕರಲ್ಲಿ ಏಕೆ ಬೇರೂರಿತೆಂಬುದು ಅಂದು ತಿಳಿಯಿತು.

ಇಷ್ಟೆಲ್ಲ ಚರ್ಚೆಯೂ ಕಡಲಮಟ್ಟದ ಗುಹೆಗಳಲ್ಲಿ ನಡೆದುದು. ಅವಲಾಂಚೆ, ಎಮರಾಲ್ಡ್, ಪೈಕಾರಗಳಂತಹ ನಮ್ಮ ಜಲಾಶಯಗಳಿಗೆ ವಿನೋದಕ್ಕಾಗಿ ಯಾರೂ ಇಳಿಯದಿರಬಹುದು, ಆದರೆ ತೂಬನ್ನು ನೋಡಲೋ ಮುಳುಗಿದವನನ್ನು ಎತ್ತಲೋ ಇಳಿಯಬೇಕಾಗುತ್ತದೆ. 300 ಮೀಟರಿಗಿಂತ ಎತ್ತರದಲ್ಲಿ ಕೋಷ್ಟಕಗಳನ್ನು ತಿದ್ದಿಕೊಳ್ಳಿರೆಂದು ಪಠ್ಯಗಳು ಹೇಳುತ್ತವೆ. ಚೀಲದ ಮಾತು ಬಂದಾಗ ತುಟಿ ಬಿಗಿಯುತ್ತವೆ. ಉದಕಮಂಡಲದ ಎತ್ತರದಲ್ಲಿ ವಾಯುಭಾರ ಕಡಲತೀರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಹತ್ತು ಮೀಟರಿನಿಂದ ಮೇಲೇರುವಾಗ ಅಲ್ಲಿ ಇಮ್ಮಡಿಯಾಗುವ ಗಾಳಿ ಇಲ್ಲಿ ಎರಡೂಕಾಲು ಪಟ್ಟಾಗುತ್ತದೆ. ನೇತ್ರಾಣಿಯ ಉಪ್ಪುನೀರಿಗೆ ಸೀಸ ಹೊಂದಿಸಿಕೊಂಡು ಬಂದ ನೂರು ಕಿಲೋ ತೂಕದ ಸುಸಜ್ಜಿತ ಮುಳುಗುಗಾರ ಈ ಸಿಹಿನೀರಿನಲ್ಲಿ ಎರಡೂವರೆ ಕಿಲೋ ಹೆಚ್ಚು ಭಾರ. ಅದನ್ನು ಸರಿದೂಗಿಸಲೆಂದು ಅವನು ಚೀಲಕ್ಕೆ ಊದುವ ಅಷ್ಟೂ ಗಾಳಿ, ಅವನು ಮೇಲೇರತೊಡಗಿದೊಡನೆ, ಆ ಎರಡೂಕಾಲು ಪಟ್ಟಿನ ಲೆಕ್ಕಕ್ಕೆ ಸೇರುತ್ತದೆ.